ಮೊದಲ ತುತ್ತು ನಿಮ್ಮದು

"ಬಾಯಿ ತಗೀರಿ... ಬೆಲ್ಲ. ಬರೇ ಬೆಲ್ಲ!"

ಯಾರದೋ ದನಿ ಬಾವಿಯೊಳಗಿಂದ ಬಂದಂತೆ ಕೇಳಿತು. ಸಮತಾ ಕಣ್ಣು ತೆರೆದಳು. ಆಗಷ್ಟೇ ಬೆಳ್ಳಗಾಗುತ್ತಿದ್ದ ಆಕಾಶ, ಬೇವಿನ ಟೊಂಗೆ, ಅದರ ಕೆಳಗೆ ಒಂದು ಅಪರಿಚಿತ ಮುಖ. ತುಟಿಯ ಹತ್ತಿರವೇ ಬೆಲ್ಲದ ಚೂರು ಹಿಡಿದ ಬೆರಳುಗಳು.

ಅವಳು ಆ ಕೈಯನ್ನು ರಪ್ಪನೆ ಹೊಡೆದಳು. ಬೆಲ್ಲ ಹಾರಿ ಮಣ್ಣಿಗೆ ಬಿತ್ತು.

"ಏನ್ ತಿನ್ನಸಾಕತ್ತೀರಿ ನನಗ? ಯಾರ್ರೀ ನೀವು?"

"ಬೆಲ್ಲ ಅಂದ್ನೆಲ್ರಿ..."

"ನೀವು ಬೆಲ್ಲ ಅಂದಕೂಡ್ಲೆ ಬೆಲ್ಲ ಆತೇನು? ಮೊದ್ಲ ನೀವು ತಿನ್ರಿ. ನಾ ನೋಡ್ತೇನಿ!"

ಸುತ್ತ ನಿಂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಅವನು ಮಾತ್ರ ನಗಲಿಲ್ಲ. ಕಿಸೆಯಿಂದ ಇನ್ನೊಂದು ಬೆಲ್ಲದ ಹೆಂಟೆ ತೆಗೆದು ಮುರಿದ. ಅರ್ಧ ತಾನು ತಿಂದ. ಔಷಧ ನುಂಗಿದ ಕೂಸು ತಾಯಿಗೆ ತೋರಿಸುವಂತೆ ನಾಲಿಗೆ ಚಾಚಿ ತೋರಿಸಿದ.

"ನೋಡ್ರಿ, ಸತ್ತಿಲ್ಲ. ಈಗ ತಿನ್ರಿ."

ಉಳಿದರ್ಧವನ್ನು ಸಮತಾ ಬಾಯಿಗೆ ಹಾಕಿಕೊಂಡಳು. ಬೆಲ್ಲವೇ ಆಗಿತ್ತು. ಎರಡು ದಿನದಿಂದ ಒಣಗಿದ್ದ ಬಾಯಲ್ಲಿ ಅದು ಕರಗುವಾಗ ಅವಳಿಗೆ ಯಾಕೋ ಅಳು ಬಂತು... ನುಂಗಿಕೊಂಡಳು.

"ನಿನ್ನಿ ಏನ್ ಉಂಡಿದ್ರಿ?"

"ಎರಡ್ ಟೊಮೆಟೊ."

"ಮೊನ್ನಿ?"

ಅವಳು ಮಣ್ಣಿಗೆ ಬಿದ್ದ ಬೆಲ್ಲದ ಚೂರನ್ನು ನೋಡಿದಳು.

"ಎಣ್ಣಿ ಇಲ್ಲದ ದೀಪಾ ಹಚ್ಚಾಕತ್ತೀರಿ," ಎಂದು ಅವನು ಎದ್ದ. "ಬತ್ತಿ ಸುಡ್ತೈತಿ, ಬೆಳಕು ಬರಂಗಿಲ್ಲ."

ಓಡುತ್ತ ಓಡುತ್ತ ತಲೆ ಸುತ್ತಿ ಬಿದ್ದಿದ್ದ ಸಮತಾಳಿಗೆ ಸವಣೂರಿನ ಮೈದಾನದ ಮೊದಲ ದಿನ ಹೀಗೆ ಆಯಿತು.

ಅವಳು ಹತ್ತಿಮತ್ತೂರಿನ ಹುಡುಗಿ. ಪೊಲೀಸ್ ಪೇದೆ ಹುದ್ದೆಗೆ ಎರಡು ಸಲ ಲಿಖಿತ ಪರೀಕ್ಷೆ ಪಾಸಾಗಿ, ಎರಡೂ ಸಲ ಓಟದಲ್ಲಿ ಸೋತಿದ್ದಳು. ನಾನೂರು ಮೀಟರು, ಎರಡು ನಿಮಿಷ. ಕೇಳಲು ಸುಲಭ. ಆದರೆ ಕೊನೆಯ ನೂರು ಮೀಟರಿನಲ್ಲಿ ಅವಳ ಮೈ ಅವಳಿಗೇ ಹೊರೆಯಾಗುತ್ತಿತ್ತು. ಈಗ ಮೂರನೆಯ ಸಲ. ಇದು ತಪ್ಪಿದರೆ ವಯಸ್ಸು ಮೀರುತ್ತದೆ, ನಾಲ್ಕನೆಯದು ಇಲ್ಲ. ಅಪ್ಪ ನೀಲಪ್ಪ ಬಸ್ಸು ಹತ್ತಿಸುವಾಗ ಒಂದೇ ಮಾತು ಹೇಳಿದ್ದ. "ನಿನ್ನ ಖಾಕಿ ಅಂಗಿ ಮ್ಯಾಲೆ ನಿನ್ನ ಹೆಸರ ನಾ ಓದಬೇಕವ್ವಾ. ನನಗ ಬರೂ ನಾಕ ಅಕ್ಷರದಾಗ ಅದನ್ನ ಓದ್ತೇನಿ."

ಅದಕ್ಕೇ ಅವಳು ಸವಣೂರಿನ ಚಿಗವ್ವ ಸವಿತಾಳ ಮನೆಗೆ ಬಂದಿದ್ದಳು. ಬಂದವಳೇ ಊಟ ಬಿಟ್ಟಿದ್ದಳು.

ಅನುಮಾನವೂ ಅವಳಿಗೆ ಸುಮ್ಮನೆ ಅಂಟಿದ್ದಲ್ಲ. ಕಳೆದ ಸಲ ಪರೀಕ್ಷೆಯ ಮುಂಜಾನೆ, ಜೊತೆಗೆ ಉಳಿದಿದ್ದ ಗೆಳತಿ "ಶಕ್ತಿ ಬರ್ತೈತಿ, ಕುಡಿ" ಎಂದು ಯಾವುದೋ ಪುಡಿ ಕಲಸಿ ಕೊಟ್ಟಿದ್ದಳು. ಓಟದಲ್ಲಿ ಕೊನೆಯ ನೂರು ಮೀಟರಿಗೆ ಬರುವಷ್ಟರಲ್ಲಿ ಸಮತಾ ಹೊಟ್ಟೆ ಹಿಡಿದುಕೊಂಡು ಕುಳಿತುಬಿಟ್ಟಿದ್ದಳು. ಆ ಗೆಳತಿ ಓಡಿ ಆಯ್ಕೆಯಾದಳು. ಅಂದಿನಿಂದ ಯಾರು ಏನು ಕೊಟ್ಟರೂ ಸಮತಾಳ ಕಣ್ಣು ಮೊದಲು ಕೊಟ್ಟವರ ಮುಖದ ಮೇಲೆ ಹೋಗುತ್ತಿತ್ತು.

ಬೆಲ್ಲ ಕೊಟ್ಟವನ ಹೆಸರು ಪರಮೇಶ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವನು. ಸವಣೂರಿನ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಮಾಸ್ತರ. ಮುಂಜಾನೆ ಪುಕ್ಕಟೆಯಾಗಿ ಏಳೆಂಟು ಹುಡುಗಿಯರನ್ನು ಓಡಿಸುತ್ತಿದ್ದ. ಅವರಲ್ಲಿ ಅವನ ತಂಗಿ ಮಾಲಾ ಕೂಡ ಒಬ್ಬಳು.

ಮರುದಿನ ಬೇವಿನ ಕಟ್ಟೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಕಾದಿತ್ತು.

"ನಿಮಗ," ಎಂದ ಪರಮೇಶ.

"ಯಾಕ?"

"ಉಣ್ಣಾಕ."

"ಅದ ಯಾಕ ಅಂತ ಕೇಳಾಕತ್ತೇನಿ! ನಾ ತೂಕಾ ಇಳಸಾಕ ಬಂದಾಕಿ. ನೀವು ಉಣಸಾಕತ್ತೀರಿ."

ಡಬ್ಬಿಯೊಳಗೆ ಒಂದು ಜೋಳದ ರೊಟ್ಟಿ, ಮೊಳಕೆ ಬಂದ ಮಡಿಕೆಕಾಳಿನ ಪಲ್ಯ, ಕುದಿಸಿದ ತತ್ತಿ, ಸೌತೆಕಾಯಿ ಹೋಳು, ಚೂರು ಗಟ್ಟಿ ಮೊಸರು. ಎಲ್ಲ ಅವನೇ ಮಾಡಿದ್ದು.

"ಖರೇ ಹೇಳ್ರಿ ಸಮತಾ ಅವರ... ದಿನಾ ಹಸಕೊಂಡು, ಸಂಜೀಮುಂದ ತಡಕೊಳ್ಳಾಕ ಆಗಲಾರದ ಏನ್ ತಿಂತೀರಿ?"

ಅವಳು ಬೆಚ್ಚಿದಳು. ನಿನ್ನೆ ಸಂಜೆ ಮಿರ್ಚಿ ಮಂಡಕ್ಕಿಯ ಅಂಗಡಿಯ ಹತ್ತಿರ ಇವನು ತನ್ನನ್ನು ನೋಡಿದನೇ? ಹಿಂಬಾಲಿಸುತ್ತಿದ್ದಾನೆಯೇ?

"ನಿಮಗ ಹೆಂಗ ಗೊತ್ತು?"

"ಹಸದವರು ಎಲ್ಲಾರೂ ಅದನ್ನ ಮಾಡ್ತಾರ. ಬಿಡೂದು ರೊಟ್ಟಿ ಅಲ್ರಿ. ಸಂಜೀದ ಮಿರ್ಚಿ ಬಿಡ್ರಿ, ದಿನಕ್ಕ ಐದ ಸಲ ಸಕ್ಕರಿ ಚಾ ಬಿಡ್ರಿ, ರಾತ್ರಿ ಗುಡ್ಡದಂಗ ಅನ್ನಾ ಬಿಡ್ರಿ. ಓಡೂಕಿಂತ ಮೊದ್ಲ ಒಂದ ಬಾಳಿಹಣ್ಣು, ಓಡಿದ ಮ್ಯಾಲೆ ಇದು. ಮೈ ಕರಗಬೇಕು, ಕಸುವು ಕರಗಬಾರದು."

"ಮೊದಲ ತುತ್ತು ನಿಮ್ಮದು," ಎಂದಳು ಸಮತಾ, ಡಬ್ಬಿಯನ್ನು ಅವನತ್ತ ತಳ್ಳಿ.

ಅವನು ರೊಟ್ಟಿ ಮುರಿದು, ಪಲ್ಯ ಹಚ್ಚಿ ತಿಂದ. ಅವಳು ಮನಸ್ಸಿನಲ್ಲೇ ಅರವತ್ತರವರೆಗೆ ಎಣಿಸಿದಳು. ಅವನಿಗೇನೂ ಆಗಲಿಲ್ಲ. ಆಮೇಲೆ ತಾನು ತಿಂದಳು.

ದೇವರೇ, ಎಂಥ ರುಚಿ!

ಅದೇ ದಿನನಿತ್ಯದ ಪದ್ಧತಿಯಾಯಿತು. ಓಟ, ಡಬ್ಬಿ, ಮೊದಲ ತುತ್ತು ಅವನದು. ಹುಡುಗಿಯರು ಆಡಿಕೊಳ್ಳುವರು. "ಮಾಸ್ತರ್ರ, ರಾಜರ ಮನ್ಯಾಗ ಹಿಂಗ ರುಚಿ ನೋಡಾವ್ರ ಇರ್ತಿದ್ರಂತ. ನಿಮಗ ಆ ಕೆಲಸಾ ಸಿಕ್ತು!"

ತುಂಬಿ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದು ಎಂಬುದು ಅವಳ ಅವ್ವ ಮಂಜವ್ವ ಕಲಿಸಿದ ರೀತಿ. ಹಾಗಾಗಿ ಸಮತಾ ತೊಳೆದ ಡಬ್ಬಿಯಲ್ಲಿ ಒಮ್ಮೆ ಲಿಂಬೆಹಣ್ಣು, ಒಮ್ಮೆ ಚಿಗವ್ವನ ಹಿತ್ತಲ ಕರಿಬೇವು, ಒಮ್ಮೆ ಹಿಡಿ ಶೇಂಗಾ ಹಾಕಿ ಕಳಿಸುತ್ತಿದ್ದಳು. ಅನುಮಾನ ಅನುಮಾನದ ಕಡೆ, ರೀತಿ ರೀತಿಯ ಕಡೆ!

ಎರಡು ವಾರಕ್ಕೆ ಎರಡು ನಿಮಿಷ ಐದು ಸೆಕೆಂಡು. ತಿಂಗಳಿಗೆ ಒಂದು ನಿಮಿಷ ಐವತ್ತಾರು.

"ಐವತ್ತಾರು!" ಪರಮೇಶ ಸ್ಟಾಪ್‌ವಾಚ್ ಎತ್ತಿ ಕೂಗಿದಾಗ ಅವನ ಮುಖದಲ್ಲಿದ್ದ ಸಂತೋಷ ನೋಡಿ ಅವಳ ಎದೆ ಓಟಕ್ಕಿಂತ ಜೋರಾಗಿ ಬಡಿದುಕೊಂಡಿತು. ಆ ಬಡಿತದ ಮೇಲೂ ಅವಳಿಗೆ ಅನುಮಾನವೇ ಬಂತು. ಇದು ಓಡಿದ್ದಕ್ಕೋ... ಇನ್ಯಾವುದಕ್ಕೋ?

ಒಂದು ವಿಷಯ ಮಾತ್ರ ಮುಳ್ಳಿನಂತೆ ಚುಚ್ಚುತ್ತಿತ್ತು.

"ತೂಕಾ ನೋಡಾಕ ಹೋಗಬ್ಯಾಡ್ರಿ," ಎಂದು ಅವನು ಮೊದಲ ವಾರವೇ ಹೇಳಿದ್ದ. "ಕಾಟಾ ಸುಳ್ಳ ಹೇಳ್ತೈತಿ. ಗಡಿಯಾರ ಹೇಳಂಗಿಲ್ಲ."

*ಯಾಕೆ ನೋಡಬಾರದು? ಏನು ಮುಚ್ಚಿಡುತ್ತಿದ್ದಾನೆ?*

ಸವಣೂರಿಗೆ ಬಂದ ದಿನವೇ ಅವಳು ಕಾಯಿಪಲ್ಲೆ ಸಗಟು ವ್ಯಾಪಾರಿ ಸಿರಾಜುದ್ದೀನ ಚಾಚಾನ ಅಂಗಡಿಯ ದೊಡ್ಡ ಕಾಟಾದ ಮೇಲೆ ನಿಂತಿದ್ದಳು. ಹಮಾಲರು ನೋಡಿಯಾರೆಂಬ ನಾಚಿಕೆಗೆ ಕಣ್ಣು ಮುಚ್ಚಿ ಹತ್ತಿ, ನಿಂತ ಮೇಲೆ ಕಣ್ಣು ತೆರೆದಿದ್ದಳು. ಅರವತ್ತೆಂಟು ಕಿಲೋ. ಈಗ ಮತ್ತೆ ಅಲ್ಲಿಗೇ ಹೋಗುವಂತಿಲ್ಲ. ಪರಮೇಶ ದಿನವೂ ಅಲ್ಲೇ ಕಾಯಿಪಲ್ಲೆ ಒಯ್ಯುತ್ತಾನೆ, ಸುದ್ದಿ ಮುಟ್ಟುತ್ತದೆ. ಅದಕ್ಕೆ ಅವಳು ಕದ್ದು ಶೇಖಸಾಬನ ಔಷಧ ಅಂಗಡಿಗೆ ಹೋದಳು. ಚಪ್ಪಲಿ ಬಿಟ್ಟು, ಉಸಿರು ಹಿಡಿದು ಅಲ್ಲಿಯ ತೂಕದ ಯಂತ್ರದ ಮೇಲೆ ನಿಂತಳು.

ಅರವತ್ತೆಂಟೂವರೆ!

"ಶೇಖಸಾಬ ಅಣ್ಣ, ನಿಮ್ಮ ಮಿಷಿನ್ ಬರೋಬರಿ ಐತೇನ್ರಿ?"

"ಹೋದ ವಾರ ಚೆಕ್ ಮಾಡಸೇನಿ ನೋಡ ತಂಗಿ. ಗುಂಜಿಯಷ್ಟೂ ಫರಕ್ ಇಲ್ಲ."

ಅರ್ಧ ಕಿಲೋ ಏರಿತ್ತು. ಒಂದು ತಿಂಗಳು ಮಿರ್ಚಿ ಮುಟ್ಟಿಲ್ಲ, ಸಕ್ಕರೆ ಮುಟ್ಟಿಲ್ಲ, ಅವನು ಹೇಳಿದಂತೆಯೇ ಉಂಡಿದ್ದಾಳೆ... ಆದರೂ ಏರಿದೆ!

ಮನೆಯ ದಾರಿಯಲ್ಲಿ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿತು. ಮಾಲಾಳ ಡಬ್ಬಿ ಯಾವಾಗಲೂ ಸಣ್ಣದು, ತನ್ನದು ದೊಡ್ಡದು. ಮಾಲಾಳಿಗೆ ಬರೀ ಕಾಳು, ತನಗೆ ರೊಟ್ಟಿ. ಇಬ್ಬರೂ ಒಂದೇ ಜಿಲ್ಲೆಯ ಹುದ್ದೆಗೆ ಓಡುವವರು. ತೂಕ ನೋಡಬೇಡ ಎಂದವನು ಅವನು.

ಒಂದು ನಿಮಿಷ ಐವತ್ತಾರು? ಆ ಗಡಿಯಾರ ಇದ್ದದ್ದು ಯಾರ ಕೈಯಲ್ಲಿ? ಅವನದೇ ಕೈಯಲ್ಲಿ!

ಆ ಪುಡಿ ಕೊಟ್ಟ ಗೆಳತಿಯೂ ಹೀಗೆಯೇ ನಗುತ್ತಿದ್ದಳಲ್ಲವೇ...

ಮರುದಿನ ಮುಂಜಾನೆ ಅವಳು ಓಡಲಿಲ್ಲ. ನೇರ ಕಟ್ಟೆಯ ಹತ್ತಿರ ಹೋಗಿ ಹಿಂದಿನ ದಿನದ ಡಬ್ಬಿಯನ್ನು ಅವನ ಮುಂದೆ ಇಟ್ಟಳು.

ಪರಮೇಶ ಎಂದಿನಂತೆ ನಗುತ್ತ ಮುಚ್ಚಳ ತೆಗೆದ. "ಇವತ್ತ ಏನ ಬಂದೈತಿ ನೋಡೂಣು..."

ಖಾಲಿ.

ಅವನ ನಗು ಅಲ್ಲೇ ನಿಂತಿತು. ಅವನ ಮನೆಯಲ್ಲೂ ಅದೇ ರೀತಿ ಇದ್ದಿರಬೇಕು. ಖಾಲಿ ಡಬ್ಬಿ ಏನು ಹೇಳುತ್ತದೆ ಎಂಬುದು ಅವನಿಗೆ ಗೊತ್ತಾಯಿತು.

"ಏನಾತ್ರಿ?"

"ಅರ್ಧಾ ಕಿಲೋ ಏರೇನಿ, ಸರ್. ನಿಮ್ಮ ಕೈ ಅಡಗಿ ಭಾಳ ಚೊಲೋ ಐತಿ."

"ತೂಕಾ ನೋಡಬ್ಯಾಡ್ರಿ ಅಂದಿದ್ನೆಲ್ಲ..."

"ಯಾಕ ಅಂದಿದ್ರಿ ಅಂತ ಈಗ ತಿಳೀತು! ತಂಗಿಗೆ ಒಂದು ಜಾಗಾ ಖಾಲಿ ಆಗಬೇಕಲ್ಲ? ಹೊಡದು ಬಡದು ಕಾಲ ಮುರಿಯೂದಕಿಂತ ಪ್ರೀತಿಲೆ ಉಣಿಸಿ ಮುರಿಯೂದ ಚೊಲೋ, ಅಲ್ಲನ್ರಿ?"

ಹಿಂದೆ ನಿಂತಿದ್ದ ಮಾಲಾ "ಅಕ್ಕಾ!" ಎಂದಳು. ಪರಮೇಶ ಕೈ ಎತ್ತಿ ಅವಳನ್ನು ತಡೆದ. ಖಾಲಿ ಡಬ್ಬಿಯ ಮುಚ್ಚಳ ಮುಚ್ಚಿದ.

"ಮೊದಲ ತುತ್ತು ದಿನಾ ನಾ ತಿಂದೇನ್ರಿ," ಎಂದ ಮೆಲ್ಲಗೆ. "ಅದಕ್ಕಿಂತ ಹೆಚ್ಚಿಂದು ಹೆಂಗ ತೋರಸ್ಲಿ, ನನಗ ಗೊತ್ತಿಲ್ಲ."

ಅವಳು ತಿರುಗಿ ನಡೆದಳು. ನಾಲ್ಕು ಹೆಜ್ಜೆಗೆ ಕಣ್ಣು ತುಂಬಿತು. *ಕಳ್ಳನ ಮುಖ ಹೀಗಿರುತ್ತದೆಯೇ? ಇರುತ್ತದೆ, ಇರುತ್ತದೆ! ಒಮ್ಮೆ ನಂಬಿ ಕೆಟ್ಟಿದ್ದೀ, ಮರೆತೆಯಾ?*

ಮತ್ತೆ ಹಳೆಯ ಹಾದಿ. ಎರಡು ಟೊಮೆಟೊ, ಒಂದು ಲೋಟ ಚಹಾ. ಯಾರೂ ಇಲ್ಲದ ಸಂಜೆಯ ಮೈದಾನದಲ್ಲಿ ಮೊಬೈಲು ಹಿಡಿದು ಒಬ್ಬಳೇ ಓಡಿದಳು.

ಎರಡು ನಿಮಿಷ. ಮೂರು ದಿನ ಬಿಟ್ಟು ಎರಡು ನಿಮಿಷ ನಾಲ್ಕು. ಒಂಬತ್ತನೆಯ ದಿನ ಎರಡು ನಿಮಿಷ ಒಂಬತ್ತು.

"ನೋಡಿದ್ಯಾ ಚಿಗವ್ವ! ಐವತ್ತಾರ ಅಂತ ಸುಳ್ಳ ಹೇಳಿದ್ದ!"

ಸವಿತಾ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು, "ಅಂವ ಸುಳ್ಳ ಹೇಳಿದ್ನೋ ಇಲ್ಲೋ, ನಾ ಕಾಣೆ. ನಿನ್ನ ಗಲ್ಲ ಮಾತ್ರ ಖರೇ ಹೇಳಾಕತ್ತಾವ. ಹಿಂದಿನ ತಿಂಗಳ ತುಂಬಿ ಹೊಳೀತಿದ್ವು, ಈಗ ಒಣಗಿದ ಬದನಿಕಾಯಿ ಆಗ್ಯಾವ. ಹೋಗ, ಪ್ಯಾಟ್ಯಾಗಿಂದ ಹಸಿಮೆಣಸಿನಕಾಯಿ ತಗೊಂಬಾ."

ಸಮತಾ ಬೇಕೆಂದೇ ಸಿರಾಜುದ್ದೀನ ಚಾಚಾನ ಅಂಗಡಿಗೆ ಹೋದಳು. ಈಗ ತೂಕ ಇಳಿದಿರಲೇಬೇಕು. ಚಾಚಾ ನೋಡಲಿ, ಪರಮೇಶನಿಗೆ ಸುದ್ದಿ ಮುಟ್ಟಲಿ! ಈ ಸಲ ಕಣ್ಣು ಮುಚ್ಚಲಿಲ್ಲ. ತಲೆ ಎತ್ತಿಕೊಂಡೇ ಕಾಟಾದ ಮುಂದೆ ನಿಂತಳು.

ಕಾಟಾದ ಮೇಲೆ ಏನೂ ಇರಲಿಲ್ಲ. ಆದರೂ ಕೆಂಪು ಅಂಕಿ ಮಿನುಗುತ್ತಿತ್ತು. ಮುಂದೊಂದು ಗೀಟು, ಆಮೇಲೆ ಎರಡು.

"ಚಾಚಾ, ನಿಮ್ಮ ಕಾಟಾ ಕೆಟ್ಟೈತಿ. ಖಾಲಿ ಇದ್ರೂ ಎರಡ ತೋರಸಾಕತ್ತೈತಿ."

"ಕೆಟ್ಟಿಲ್ಲ ಬೇಟಿ. ಅದು ಮೈನಸ್ ಎರಡು," ಚಾಚಾ ಟೊಮೆಟೊ ತುಂಬಿದ ಪ್ಲಾಸ್ಟಿಕ್ ಟ್ರೇಯನ್ನು ತಟ್ಟಿದ. "ಮಾಲು ಎಲ್ಲಾ ಇದರಾಗ ಬರ್ತೈತಿ. ಒಂದು ಟ್ರೇ ಎರಡ ಕಿಲೋ. ಪ್ರತಿ ಸಲ ಯಾರ್ ಕಳಕೋಂತ ಕುಂದರಬೇಕು? ಮುಂಜಾನೆ ಕಾಟಾ ಚಾಲೂ ಮಾಡಿದ ಕೂಡ್ಲೆ ಎರಡ ಕಳದ ಇಟ್ಟಬಿಡ್ತೇನಿ."

"ದಿನಾನೂ?"

"ಇಪ್ಪತ್ತ ವರ್ಷದಿಂದ!"

ಸಮತಾ ಟೊಮೆಟೊ ಟ್ರೇಯ ಅಂಚು ಹಿಡಿದುಕೊಂಡಳು.

ಅಂದು ಕಾಟಾ ಅರವತ್ತೆಂಟು ತೋರಿಸಿತ್ತು. ಎರಡು ಕಳೆದು! ಅಂದರೆ ಆ ದಿನ ಅವಳಿದ್ದದ್ದು ಎಪ್ಪತ್ತು. ಶೇಖಸಾಬನ ಅಂಗಡಿಯಲ್ಲಿ ಅರವತ್ತೆಂಟೂವರೆ. ಏರಿರಲಿಲ್ಲ. ಒಂದೂವರೆ ಕಿಲೋ ಇಳಿದಿತ್ತು... ಹೊಟ್ಟೆ ತುಂಬ ಉಂಡು, ಕುಣಿಕುಣಿದು ಓಡಿ ಇಳಿದಿತ್ತು!

ಹಾಗಾದರೆ ಒಂದು ನಿಮಿಷ ಐವತ್ತಾರೂ ಸುಳ್ಳಲ್ಲ. ಎರಡು ನಿಮಿಷ ಒಂಬತ್ತು ಅವನ ಸುಳ್ಳಿಗೆ ಸಾಕ್ಷಿಯಲ್ಲ, ಅವಳ ಹಸಿವಿಗೆ ಸಾಕ್ಷಿ.

"ತೂಕಾ ನೋಡ್ಕೊಳ್ಳಾಕ ಬಂದ್ಯೇನು?" ಚಾಚಾ ನಕ್ಕ. "ಪರಮೇಶ ಮಾಸ್ತರ ಬ್ಯಾರೆ ಹೇಳ್ಯಾನ ಬೇಟಿ, ಆ ಹುಡುಗಿ ಬಂದ್ರ ಕಾಟಾ ಹತ್ತಸಬ್ಯಾಡ್ರಿ, ಎದಿ ಒಡಕೋತಾಳ ಅಂತ. ಪಾಪ, ಇವತ್ತೂ ಎರಡು ಡಬ್ಬಿದ ಕಾಯಿಪಲ್ಲೆ ಒಯ್ದ."

"ಇವತ್ತೂ... ಎರಡ?"

"ಹೂಂ. ಒಂದ ದಿನಾನೂ ಕಮ್ಮಿ ಮಾಡಿಲ್ಲ."

ಆ ರಾತ್ರಿ ಅವಳು ಚಿಗವ್ವನ ಕೈಯ ಎರಡು ರೊಟ್ಟಿ ಉಂಡಳು. ಉಪ್ಪು ಪಲ್ಯದಲ್ಲಿತ್ತೋ ಕಣ್ಣೀರಲ್ಲಿತ್ತೋ ತಿಳಿಯಲಿಲ್ಲ.

ಮುಂಜಾನೆ ಮೈದಾನದಲ್ಲಿ ಅವಳನ್ನು ಮೊದಲು ಕಂಡವಳು ಮಾಲಾ. ಓಡಿ ಬಂದು ಕೈ ಹಿಡಿದಳು.

"ಬಂದ್ರೇನು ಅಕ್ಕಾ! ಹತ್ತ ದಿನದಿಂದ ನಿಮ್ಮ ಡಬ್ಬಿನೂ ನಾನ ತಿನ್ನಾಕತ್ತೇನಿ. ಮನ್ಯಾಗ ಎದ್ದಕೂಡ್ಲೆ ರೊಟ್ಟಿ, ಇಲ್ಲಿ ಕಾಳು, ಮ್ಯಾಲೆ ನಿಮ್ದೊಂದು ರೊಟ್ಟಿ... ನಾ ಓಡೂದಲ್ಲ, ಉರುಳ್ತೇನೀಗ!"

ಮಾಲಾಳ ಡಬ್ಬಿ ಯಾಕೆ ಸಣ್ಣದು ಎಂಬ ಒಗಟೂ ಅಲ್ಲೇ ಬಿಚ್ಚಿತು. ಸಮತಾ ತಲೆ ತಗ್ಗಿಸಿದಳು.

"ನನ್ನ ಮ್ಯಾಲೆ ಸಿಟ್ಟಿಲ್ಲೇನು?"

"ಸಿಟ್ಟ ಐತಿ. ನನ್ನ ಮುಂದ ಸೋಲ್ತೇನಿ ಅಂತ ಅಂಜಿ ಓಡಿಹೋದ್ರೆಲ್ಲ, ಅದಕ್ಕ! ಇಬ್ಬರೂ ಓಡೂಣು. ಹಿಂದ ಬಿದ್ದಾಕಿ ಶೇಂಗಾ ಹೋಳಿಗಿ ಮಾಡಬೇಕು, ಪರೀಕ್ಷಾ ಮುಗದ ಮ್ಯಾಲೆ."

ಪರಮೇಶ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಅದೇ ಡಬ್ಬಿ. ಸಮತಾ ಹತ್ತಿರ ಹೋಗಿ ಅಂಗೈ ಚಾಚಿದಳು. ಅದರಲ್ಲಿ ಒಂದು ಲಿಂಬೆಹಣ್ಣು.

"ಅವತ್ತ ಖಾಲಿ ಕೊಟ್ಟಿದ್ದೆ. ಇದು ಅವತ್ತಿಂದು."

ಕಾಟಾದ ಕತೆ, ಟ್ರೇಯ ಕತೆ ಎಲ್ಲ ಹೇಳಿದಳು. ಅವನು ನಗಲಿಲ್ಲ. ಲಿಂಬೆಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತ.

"ನಾ ಕುಸ್ತಿ ಆಡ್ತಿದ್ದೆ," ಎಂದ. "ಎರಡು ಕಿಲೋ ಹೆಚ್ಚಿದ್ದೆ. ಕಮ್ಮಿ ತೂಕದ ಜೋಡಿ ಸಿಗಲಿ ಅಂತ ಮೂರ ದಿನಾ ಬರೇ ಲಿಂಬಿ ನೀರು ಕುಡದೆ. ತೂಕಾ ಸರಿ ಬಂತು. ಅಖಾಡದಾಗ ಇಳದೆ... ಎದುರಿನಂವ ಮುಟ್ಟೂಕಿಂತ ಮೊದ್ಲ ಬಿದ್ದೆ. ಮೊಣಕಾಲು ಹೋತು. ನಮ್ಮಪ್ಪ ಚಿಕ್ಕೇರೂರಿಂದ ಟ್ರ್ಯಾಕ್ಟರ್ ತುಂಬಾ ಮಂದಿ ಕರಕೊಂಡು ಬಂದಿದ್ದ, ನನ್ನ ಕುಸ್ತಿ ನೋಡಾಕ."

ಸಮತಾ ಡಬ್ಬಿ ಸರಿಸಿ ಕಟ್ಟೆಯ ಮೇಲೆ ಕುಳಿತಳು.

"ನೀವು ಆ ಬೇವಿನಗಿಡದ ಕೆಳಗ ಬಿದ್ದಿದ್ರೆಲ್ಲ... ನನ್ನ ಮುಖಾನ ಕಂಡಂಗಾತು."

"ಅದಕ್ಕ ಉಣಿಸಿದ್ರೇನು? ಬರೇ ಅದಕ್ಕ?"

ಪೊಲೀಸರು ಕೇಳುವ ಹಾಗೆ ಕೇಳಿದಳು. ಅವನು ಎದ್ದು ಸ್ಟಾಪ್‌ವಾಚನ್ನು ಅವಳ ಕೈಗೆ ಕೊಟ್ಟ.

"ಉಳಿದಿದ್ದು ಪರೀಕ್ಷಾ ಆದ ಮ್ಯಾಲೆ. ಇನ್ನ ಮುಂದ ಗಡಿಯಾರ ನಿಮ್ಮ ಕೈಯಾಗ ಇರ್ಲಿ."

ಇಪ್ಪತ್ತು ದಿನ ಉಳಿದಿದ್ದವು. ಓಟದ ಮೊದಲು ಬಾಳೆಹಣ್ಣು, ನಂತರ ರೊಟ್ಟಿ ಕಾಳು, ಮಧ್ಯಾಹ್ನ ಮಜ್ಜಿಗೆ, ಸಂಜೆ ಹಿಡಿ ಹುರಿಗಡಲೆ, ಕತ್ತಲಾಗುವ ಮೊದಲೇ ಊಟ. ಮೊದಲ ತುತ್ತನ್ನು ಈಗಲೂ ಅವನೇ ತಿನ್ನುತ್ತಿದ್ದ. ಬೇಡ ಎನ್ನಲು ಅವಳಿಗೆ ನಾಚಿಕೆ, ಬಿಡಲು ಅವನಿಗೆ ಮನಸ್ಸಿಲ್ಲ.

ಪರೀಕ್ಷೆಯ ದಿನ ಹಾವೇರಿಯ ಮೈದಾನದಲ್ಲಿ ಸೀಟಿ ಊದಿದಾಗ ಸಮತಾ ಮುಂದೆ ನುಗ್ಗಲಿಲ್ಲ. ತನ್ನ ಲಯ ಹಿಡಿದಳು. ಕೊನೆಯ ನೂರು ಮೀಟರು ಬಂತು. ಎರಡು ಸಲ ಅವಳನ್ನು ಕೆಡವಿದ ಅದೇ ನೂರು ಮೀಟರು... ಈ ಸಲ ಕಾಲೊಳಗೆ ಕಸುವು ಉಳಿದಿತ್ತು. ಒಲೆಯಲ್ಲಿ ಉಳಿದ ಕೆಂಡ ಗಾಳಿಗೆ ಹೊತ್ತಿಕೊಂಡಂತೆ ಅವಳು ಹೊತ್ತಿಕೊಂಡಳು!

ಒಂದು ನಿಮಿಷ ನಲವತ್ತೊಂಬತ್ತು.

ಜಿಗಿತ, ಗುಂಡು ಎಸೆತ ಎರಡೂ ದಾಟಿದಳು. ಮಾಲಾಳೂ ದಾಟಿದಳು, ಓಟದಲ್ಲಿ ಎರಡು ಸೆಕೆಂಡು ಹಿಂದೆ. "ಹೋಳಿಗಿ ಮಾಡೂ ಪಾಳಿ ನಂದ, ಆತಲ್ಲ!" ಎಂದು ಅಳುತ್ತ ನಗುತ್ತ ಅಪ್ಪಿಕೊಂಡಳು. ಸಮತಾ ಫೋನು ಹಚ್ಚಿದಾಗ ಆ ಕಡೆಯಿಂದ ನೀಲಪ್ಪನ ಮಾತೇ ಬರಲಿಲ್ಲ. ಮಂಜವ್ವ ಫೋನು ಕಸಿದುಕೊಂಡು, "ನಿಮ್ಮಪ್ಪ ಗ್ವಾಡಿ ಮ್ಯಾಲೆ ಇದ್ದಿಲಲೆ ನಿನ್ನ ಹೆಸರ ಬರದ ಓದಾಕತ್ತಾನವ್ವಾ," ಎಂದಳು.

ಮೈದಾನದ ಗೇಟಿನ ಹೊರಗೆ ಪರಮೇಶ ನಿಂತಿದ್ದ. ಕೈಯಲ್ಲಿ ಡಬ್ಬಿ.

"ಉಳಿದಿದ್ದು ಹೇಳ್ತೇನಿ ಅಂದಿದ್ರಿ," ಎಂದಳು ಸಮತಾ.

"ಬರೂ ವಾರ ಅಪ್ಪ ಚಿಕ್ಕೇರೂರಿಂದ ಬರ್ತಾನ. ಹತ್ತಿಮತ್ತೂರಿಗೆ ಕರಕೊಂಡ ಬರ್ಲೇನು?"

"ಯಾಕ?" ಅವಳ ಹುಬ್ಬು ಏರಿತು.

"ನಿಮ್ಮಪ್ಪಗ ಒಂದು ಮಾತ ಕೇಳೂದೈತಿ."

"ಮೊದ್ಲ ನನ್ನ ಕೇಳ್ರಿ!"

ಅವನು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಏಳೆಂಟು ಹುಡುಗಿಯರ ಮುಂದೆ ಗದರುವ ಮಾಸ್ತರನ ದನಿ ಎಲ್ಲಿ ಹೋಗಿತ್ತೋ.

"ಜೀವನಾ ಪೂರ್ತಿ ಹಿಂಗ... ನನ್ನ ಮ್ಯಾಲೆ ಅನುಮಾನಾ ಪಡಕೋಂತ, ನನ್ನ ಸಂಗಾಟ ಉಣ್ತೀರೇನು, ಸಮತಾ?"

ಅವಳು ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದಳು. ಅವನು ರೂಢಿಯಂತೆ ರೊಟ್ಟಿ ಮುರಿಯಲು ಕೈ ಮುಂದೆ ಮಾಡಿದ. ಅವಳು ಆ ಕೈಯನ್ನು ರಪ್ಪನೆ ಹೊಡೆದಳು.

"ಯಾಕ್ರೀ! ಮೊದಲ ತುತ್ತು..."

"ಬ್ಯಾಡ."

ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅವನ ಕಣ್ಣಲ್ಲಿ ಕಣ್ಣಿಟ್ಟು, ಎಣಿಸದೆ, ಕಾಯದೆ ಅವಳು ಬಾಯಿಗಿಟ್ಟುಕೊಂಡಳು.

ಅವನ ಕಣ್ಣು ತುಂಬಿ ಬಂತು. "ನಾ ಇದರಾಗ ಏನರ ಹಾಕಿದ್ರ?"

"ಹಾಕೀರಿ," ಅವಳು ನಿಧಾನ ಅಗಿಯುತ್ತ ಹೇಳಿದಳು. "ಎರಡ ತಿಂಗಳಾತು ಹಾಕಾಕ ಹತ್ತಿ. ನನಗ ಇವತ್ತ ರುಚಿ ಹತ್ತಿತು. ಬಾಯಿ ತಗೀರಿ..."

ಎರಡನೆಯ ತುತ್ತನ್ನು ಅವಳು ಅವನ ಬಾಯಿಗಿಟ್ಟಳು.